ಮೀನೊಣಗಿಸುವ ಮರಳಿಗೊಂದು ಇ-ಮೇಲ್

ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನ ಬಗ್ಗೆ ನನಗೊಂದು ಪ್ರೈಡ್ ಇತ್ತು. ಹೊನ್ನಾವರದಲ್ಲಿ ಟೀಚರಾಗಿದ್ದು ರಿಟೈರಾದ ಮೇಲೂ ಅದು ಇಳಿದಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹೊಳೆ ನಡುವಿನ ದ್ವೀಪವಾದ ಮಾವಿನಕುರ್ವೆಯಿಂದ ಮೀನು ಮಾರುವ ಹೆಂಗಸೊಬ್ಬಳು ಪಂಚಾಯ್ತಿ ಗೋಡೆಯ ನೋಟಿಸನ್ನೇ ಕಿತ್ತುಕೊಂಡು ಮನೆಗೆ ಬಂದಳು. ಇಂಗ್ಲಿಷಿನಲ್ಲಿತ್ತು. ಅವಳೂ ಅವಳ ಓರಗೆಯವರೂ ಮೀನು ಒಣಗಿಸುವ ಮರಳದಂಡೆಯನ್ನು ಸರ್ಕಾರದ ಹೊಸ ಕರಾವಳಿ ನಿಯಮದ ಕರಡಿನಲ್ಲಿ ಖಾಲಿ ಜಾಗವೆಂದು ತೋರಿಸಿದ್ದರು. ಖಾಲಿ ಜಾಗ ರೆಸಾರ್ಟಿಗೆ ಸಿಗುತ್ತದೆ. ಆಕ್ಷೇಪಣೆಯಿದ್ದರೆ ಎರಡು ತಿಂಗಳೊಳಗೆ ವೆಬ್‌ಸೈಟ್ ನೋಡಿ ಇ-ಮೇಲ್ ಮಾಡಬೇಕು.

“ನಮ್ಮನ್ನ ಯಾರೂ ಕೇಳ್ಲೇ ಇಲ್ಲ ಅಕ್ಕೋರೆ.”

“ಕೇಳಿದಾರೆ ಮಾರಾಯ್ತಿ, ಕಂಪ್ಯೂಟರಲ್ಲಿ.”

“ಕಂಪ್ಯೂಟ್ರು ಕುರ್ವೆಗೆ ಯಾವ ದೋಣೀಲಿ ಬರ್ತದೆ?”

ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಗೆ ಇಬ್ಬರೂ ಹೋದೆವು. ಮೀನಿನ ಬುಟ್ಟಿ ಒಳಗೆ ತರಬೇಡಿ ಎಂದ ಮಾಲೀಕ. ಅವಳು ಬುಟ್ಟಿಯೊಂದಿಗೆ ಬಾಗಿಲಲ್ಲೇ ನಿಂತಳು. ಮಾಲೀಕನೇ ನನ್ನ ಹೆಸರಲ್ಲೊಂದು ಮೇಲ್ ಅಕೌಂಟು ತೆರೆದುಕೊಟ್ಟ. ಎರಡು ಸಲ ಕರೆಂಟು ಹೋಯಿತು. ನಾನು ಒಂದೊಂದೇ ಅಕ್ಷರ ಹುಡುಕಿ, ರೆಸ್ಪೆಕ್ಟೆಡ್ ಸರ್‌ನಿಂದ ಯುವರ್ಸ್ ಫೇತ್‌ಫುಲಿ ತನಕ ಚಂದದ ಪತ್ರವೊಂದನ್ನು ಟೈಪ್ ಮಾಡಿದೆ. ಕೊನೆಯಲ್ಲಿ ಪಿನ್‌ಕೋಡ್ ಸಮೇತ ನನ್ನ ಮನೆಯ ವಿಳಾಸ. ಮಾಲೀಕ ಕೊಟ್ಟ ಪ್ರಿಂಟನ್ನು ಅವಳು ಹಿಂದೆ ಮುಂದೆ ತಿರುಗಿಸಿದಳು.

“ಶಿಕ್ಕಾ ಎಲ್ಲದೆ? ಮಾಮ್ಲೇದಾರ ಕಚೇರೀಲಿ ಅರ್ಜಿ ಕೊಟ್ರೆ ಶಿಕ್ಕಾ ಒತ್ತಿ ಕೊಡ್ತಾರೆ.”

“ಇದ್ಕೆ ಶಿಕ್ಕಾ ಇಲ್ಲ ಮಾರಾಯ್ತಿ. ಆಗ್ಲೇ ಹೋಗಿ ಮುಟ್ತು. ರಿಪ್ಲೈ ಪೋಸ್ಟಲ್ಲಿ ಬರ್ತದೆ.”

“ಆತು,” ಎಂದಳು.

ನಾನು ದಿನಾ ಪೋಸ್ಟ್‌ಮನ್ನನಿಗೆ ಕಾದೆ. ಅವಳು ಪೇಟೆಗೆ ಬಂದಾಗಲೆಲ್ಲ ಗೇಟಿನಾಚೆಯಿಂದಲೇ, “ಎಂತ, ಬಂತಾ?” ಎನ್ನುವಳು. ಗವರ್ನಮೆಂಟ್ ಅಲ್ವಾ, ಟೈಮ್ ಹಿಡೀತದೆ ಎನ್ನುವೆ ನಾನು.

ಮೂರು ತಿಂಗಳ ಮೇಲೆ ಕುಮಟೆಯ ತಂಗಿಯ ಮನೆಗೆ ಹೋದಾಗ, ಅವರು ಹೊಸದಾಗಿ ತಂದ ಕಂಪ್ಯೂಟರಿನಲ್ಲಿ ಸುಮ್ಮನೆ ನನ್ನ ಮೇಲ್ ತೆರೆದೆ. ಉತ್ತರ ಅಲ್ಲೇ ಬಿದ್ದಿತ್ತು. ನಾನು ಬರೆದ ನಾಲ್ಕನೇ ದಿನಕ್ಕೇ ಬಂದದ್ದು. ಸರ್ವೆ ನಂಬರ್ ಬರೆದಿಲ್ಲ, ಕೊನೆಯ ದಿನದೊಳಗೆ ಕಳಿಸಿ, ತಪ್ಪಿದರೆ ಪರಿಗಣಿಸಲಾಗದು. ಎರಡೇ ಸಾಲು. ವಿಳಾಸ ಕೊಟ್ಟ ಮೇಲೆ ಉತ್ತರ ಮನೆಗೇ ಬರಬೇಕಲ್ಲ ಎಂದು ಕೂತಿದ್ದೆ ನಾನು. ಆ ಮೇಲ್ ಪೆಟ್ಟಿಗೆಯನ್ನು ನಾನೇ ಮತ್ತೆ ತೆರೆದು ನೋಡಬೇಕೆಂಬುದು ಹೊಳೆದೇ ಇರಲಿಲ್ಲ.

ದೋಣಿ ಹತ್ತಿ ಕುರ್ವೆಗೆ ಹೋಗಿ ಹೇಳಿದೆ. ಅವಳು ಮರಳಿನಲ್ಲಿ ಮೀನು ಮಗುಚುತ್ತಿದ್ದಳು. ಕಚೇರಿಗೆ ಅಲೆದಲೆದು ಬಾಯಿಪಾಠವಾಗಿದ್ದ ಸರ್ವೆ ನಂಬರನ್ನು ತಲೆ ಎತ್ತದೆ ಒಂದೇ ಉಸಿರಿಗೆ ಒಪ್ಪಿಸಿದಳು.

“ಬಾಗ್ಲಲ್ಲೇ ನಿಂತಿದ್ನಲ್ರಾ. ಒಂದ್ಸಲ ಕೇಳ್ಬಾರ್ದಿತ್ತಾ?”

ಮಳೆಗಾಲ ಮುಗಿಯುತ್ತಲೇ ರೆಸಾರ್ಟಿನವರು ದಂಡೆಗೆ ಕಂಬ ನೆಟ್ಟು ತಂತಿ ಎಳೆದರು. ಅವಳು ಭಟ್ಕಳದ ಐಸ್ ಫ್ಯಾಕ್ಟರಿಯೊಂದಕ್ಕೆ ಕೂಲಿಗೆ ಹೋಗುತ್ತಾಳೆಂದು ಆಮೇಲೆ ತಿಳಿಯಿತು. ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಸಾರಿ ಎಂದೆ. ಆ ಶಬ್ದ ಎಷ್ಟು ಸಣ್ಣದೆಂದು ಹೇಳುವಾಗಲೇ ಗೊತ್ತಾಯಿತು.

“ಬಸ್ಸು ಬಂತು ಅಕ್ಕೋರೆ,” ಎಂದು ಹತ್ತಿಹೋದಳು.