ಪುಸ್ತಕದಲ್ಲಿ ನಕ್ಕ ಒರ್ಟ್ವಿನ್

ಗ್ಯೋಟಿಂಗೆನ್‌ನ ನಮ್ಮ ಭೌತಶಾಸ್ತ್ರ ಸಂಸ್ಥೆಯಲ್ಲಿ ಒರ್ಟ್ವಿನ್ ಬ್ರಾಕ್‌ಮನ್ ಕಾದ ಗಾಜನ್ನು ಊದಿ ಉಪಕರಣಗಳಿಗೆ ಕೊಳವೆ, ಬುರುಡೆ ಮಾಡಿಕೊಡುತ್ತಿದ್ದ. ಯಾರಾದರೂ ಡಾಕ್ಟರೇಟ್ ಪಡೆದರೆ ಜೊತೆಯವರೆಲ್ಲ ಸೇರಿ ಅವರಿಗೊಂದು ತಮಾಷೆಯ ಟೋಪಿ ಮಾಡಿ ತೊಡಿಸುವುದು ನಮ್ಮಲ್ಲಿ ವಾಡಿಕೆ. ಒಮ್ಮೆ ಅವನು ಅಂಥ ಟೋಪಿಯ ಮೇಲೆ ಪುಟ್ಟದೊಂದು ಗಾಜಿನ ಬಾತುಕೋಳಿ ಕೂರಿಸಿದ. ಜಗತ್ಪ್ರಸಿದ್ಧರಾದ ಪ್ರೊಫೆಸರ್ ಹಾರ್ಟ್‌ಲೆಫ್ ಅದನ್ನು ಬೆಳಕಿಗೆ ಹಿಡಿದು, "ಮಾಡಿದವನ ತಲೆಯ ಹಾಗೇ ಒಳಗೆಲ್ಲ ಟೊಳ್ಳು," ಎಂದು ಎಲ್ಲರೆದುರು ಹೇಳಿದರು.

ಅವರು ತೀರಿಕೊಂಡ ಮೇಲೆ ಅವರ ಜೀವನಚರಿತ್ರೆ ಬಂತು. ಒಂದು ಭಾನುವಾರ ನಾನು ಕಾಫಿಗೆ ಹೋಗಿದ್ದಾಗ ಒರ್ಟ್ವಿನ್‌ನ ಹೆಂಡತಿ ವೀಬ್ಕೆ ಅದರಲ್ಲಿದ್ದ ಬಾತುಕೋಳಿಯ ಪ್ರಸಂಗವನ್ನು ಗಟ್ಟಿಯಾಗಿ ಓದಿದಳು: 'ಅವರ ಕಟುಮಾತಿನೊಳಗೆ ಅಕ್ಕರೆಯಿತ್ತು. ಅಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಬ್ರಾಕ್‌ಮನ್.'

"ಅವತ್ತು ಊಟಾನೂ ಮಾಡ್ದೆ ಗೋಡೆ ಕಡೆ ತಿರುಗಿ ಮಲಗಿದ್ಯಲ್ಲ ಮಾರಾಯ, ಇಲ್ಲಿ ನಗ್ತಿರೋ ಮಹಾಶಯ ಯಾರು?"

ಒರ್ಟ್ವಿನ್‌ನ ಕಿವಿ ಕೆಂಪಾಯಿತು. "ಪುಸ್ತಕ ಬರೀತೀನಿ ಅಂತ ವಿಚಾರಿಸೋಕೆ ಬಂದವರಿಗೆ ನಾನೇ ಹಾಗಂದೆ ಕಣೇ. ಅಳು ಬಂತು ಅಂತ ಹೇಳೋಕಾಗುತ್ತಾ?"

ಮುಂದಿನ ಮುದ್ರಣಕ್ಕೆ ತಿದ್ದುಪಡಿ ಇದ್ದರೆ ತಿಳಿಸಿ ಎಂದು ಲೇಖಕಿ ಕೇಳಿದ್ದರು. ಅವನು ನಮ್ಮಿಬ್ಬರಿಗೂ ಬೆನ್ನು ಮಾಡಿ ನಿಂತು ಅವರಿಗೆ ಫೋನ್ ಮಾಡಿದ.

"ಪ್ರೊಫೆಸರ್ ಮಾತು ಹಾಗೇ ಇರಲಿ ಮೇಡಂ," ಎಂದ. "ನನ್ನ ನಗು ಮಾತ್ರ ತೆಗೀರಿ. ನಾನು ನಗ್ಲಿಲ್ಲ."