ಇಳಿಯಲು ಬಾರದ ಭಾಗಣ್ಣ ಸಾವಕಾರ

ಶಹಾಪುರದ ಕಾಳಿನ ಅಡತಿ ವ್ಯಾಪಾರಿ ಭಾಗಣ್ಣ ಸಾವಕಾರ ಸೈಕಲ್ ಹತ್ತಿದ್ದು ಹಕೀಮರ ಮಾತಿಗೆ. ನಿಜಾಮರ ಕಾಲ. ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಎರಡು ವರ್ಷವಿತ್ತು. ಭಾಗಣ್ಣನಿಗೆ ಆಗ ನಲವತ್ಮೂರು. ಗಾದಿಯ ಮೇಲೆ ಕೂತು ಕೂತು ಹೊಟ್ಟೆ ಎಷ್ಟು ಬೆಳೆದಿತ್ತೆಂದರೆ, ಎದ್ದು ನಿಂತರೆ ಕಾಲಲ್ಲಿ ಯಾರ ಚಪ್ಪಲಿ ಇವೆ ಎಂಬುದು ಅವನಿಗೆ ಕಾಣುತ್ತಿರಲಿಲ್ಲ. ಎರಡು ಸಲ ಗಿರಾಕಿಯ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಿದ್ದ.

ಹಕೀಮ ದಸ್ತಗೀರಸಾಬರು ನಾಡಿ ಹಿಡಿದು ನೋಡಿ ಹೇಳಿದರು: "ಸಾವಕಾರ್ರೆ, ಎರಡರಾಗ ಒಂದು ಮಾಡ್ರಿ. ತುಪ್ಪ ಬಿಡ್ರಿ, ಇಲ್ಲಾಂದ್ರ ದಿನಾ ನಾಕು ಮೈಲು ನಡೀರಿ."

ತುಪ್ಪ ಬಿಡುವ ಮಾತೇ ಇರಲಿಲ್ಲ. ನಡೆಯಲಿಕ್ಕೂ ಭಾಗಣ್ಣನಿಗೆ ಮನಸ್ಸಿಲ್ಲ. ಸಾವಕಾರ ಸಡಕಿನ ಮೇಲೆ ನಡೆದು ಹೊಂಟರೆ, ಬಂಡಿ ಎತ್ತು ಮಾರಿಕೊಂಡಾನ ಅಂತ ಪ್ಯಾಟಿಯಲ್ಲಿ ಸುದ್ದಿಯಾಗುತ್ತದೆ. ಸೈಕಲ್ಲಾದರೆ ಹಾಗಲ್ಲ, ಸೈಕಲ್ ಮೇಲೆ ಹೋಗುವವನಿಗೆ ಏನೋ ಅವಸರದ ಕೆಲಸವಿದೆ ಅಂತ ಜನ ದಾರಿ ಬಿಡುತ್ತಾರೆ.

ಯಾದಗಿರಿ ಸ್ಟೇಶನ್ನಿನ ಹತ್ತಿರ ಶರೀಫಸಾಬ ಎಂಬ ತರುಣನ ಸೈಕಲ್ ಅಂಗಡಿ ಇತ್ತು. ಪಕ್ಕದ ಮುದನಾಳದ ಬೀಗರ ಮನೆಯಲ್ಲಿ ಉಳಿದುಕೊಂಡು, ಭಾಗಣ್ಣ ದಿನಾ ಅವನ ಹತ್ತಿರ ಕಲಿಯಲು ಹೋದ. ಮೊದಲ ದಿನ ಕಟ್ಟೆಯ ಮೇಲೆ ನಿಂತು ಸೈಕಲ್ ಏರುವುದನ್ನು ಕಲಿತ. ಎರಡನೆಯ ದಿನ ಓಡಿಸುವುದನ್ನು ಕಲಿತ. ಮೂರನೆಯ ದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದ. ಸೈಕಲ್ ಗಕ್ಕನೆ ನಿಂತಿತು, ಭಾಗಣ್ಣ ನಿಲ್ಲಲಿಲ್ಲ. ಹ್ಯಾಂಡಲ್ ಮೇಲಿಂದ ಹಾರಿ ತೊಗರಿ ಹೊಲಕ್ಕೆ ಬಿದ್ದ.

ಮೈಯ ಮಣ್ಣು ಕೊಡವಿಕೊಂಡು ಎದ್ದವನೇ, "ಸಾಕು, ಉಳಿದದ್ದು ನಮ್ಮೂರಾಗ ಕಲೀತೀನಿ" ಎಂದ. ಹೊಸ ಸೈಕಲ್ಲನ್ನು ಬಂಡಿಗೆ ಹಾಕಿಸಿ ಹೊಳೆ ದಾಟಿಸಿಕೊಂಡು ಶಹಾಪುರಕ್ಕೆ ಬಂದುಬಿಟ್ಟ. ಉಳಿದದ್ದೆಂದರೆ ಇಳಿಯುವುದು.

ಮರುದಿನ ಬೆಳಗ್ಗೆ ಅಂಗಡಿ ಕಟ್ಟೆಯಿಂದ ಸೈಕಲ್ ಏರಿ ಹೊರಟ. ನಾಲ್ಕು ಮೈಲು ಮುಗಿದಾಗ ನಿಲ್ಲುವುದು ಹೇಗೆಂದು ಹೊಳೆಯಲಿಲ್ಲ. ಬ್ರೇಕ್ ಮುಟ್ಟಲು ಧೈರ್ಯ ಬರಲಿಲ್ಲ. ಹಾಗೇ ತುಳಿಯುತ್ತ ಗೋಗಿ ಮುಟ್ಟಿದ. ಅಲ್ಲಿ ತಂಗಿ ಗೊಲ್ಲಾಳಮ್ಮನ ಮನೆ, ಮುಂದೆ ಸೇದುಬಾವಿ. ಭಾಗಣ್ಣ ಬಾವಿ ಸುತ್ತ ತಿರುಗತೊಡಗಿದ.

"ಆರಾಮದೀ ಏನವಾ?" ಎಂದು ಒಂದು ಸುತ್ತಿಗೆ ಕೇಳಿದ.

"ಆರಾಮದೀನಿ ಅಣ್ಣಾ. ಇಳಿ, ಚಾ ಕುಡಿ!" ಎಂದು ಅವಳು ಎರಡನೆಯ ಸುತ್ತಿಗೆ ಹೇಳಿದಳು.

"ಟೈಮಿಲ್ಲ! ಮಾವಾರ ಕೆಮ್ಮು ಹ್ಯಾಂಗದ?"

"ಕಡಿಮಿ ಆಗ್ಯಾದ!"

ಐದನೆಯ ಸುತ್ತಿಗೆ ಕ್ಷೇಮ ಸಮಾಚಾರವೆಲ್ಲ ಮುಗಿಯಿತು. ಭಾಗಣ್ಣ ಬಂದ ದಾರಿ ಹಿಡಿದ. ಅಣ್ಣನಿಗೆ ಎಷ್ಟು ಕೆಲಸವಿದ್ದರೂ ನನ್ನನ್ನು ನೋಡಲು ಬಂದ ಎಂದು ಗೊಲ್ಲಾಳಮ್ಮ ಓಣಿಯವರ ಮುಂದೆ ಕಣ್ಣು ಒರೆಸಿಕೊಂಡಳಂತೆ.

ಮನೆಯ ಮುಂದೆ ಹೆಂಡತಿ ಪಾರ್ವತಿಬಾಯಿ ಕಸ ಗುಡಿಸುತ್ತಿದ್ದಳು. ಗಂಡ ಬೆವರು ಸುರಿಸುತ್ತ, "ಹಿಡೀ! ಹಿಡೀ!" ಎಂದು ಕೂಗುತ್ತ ಬರುವುದು ಕಾಣಿಸಿತು. ಅವಳು ಒಕ್ಕಲುತನದ ಮನೆಯ ಮಗಳು. ಹಗ್ಗ ಹರಿದ ಹೋರಿಗಳನ್ನು ಹಿಡಿದವಳು. ಕಸಬರಿಗೆ ಚೆಲ್ಲಿ, ಸೆರಗು ಸಿಗಿಸಿ, ಹ್ಯಾಂಡಲ್ಲಿನ ಎರಡೂ ಕಡೆ ಗಟ್ಟಿಯಾಗಿ ಹಿಡಿದು ಎರಡು ಮಾರು ಹಿಂದೆ ಸರಿದು ನಿಂತಳು. ಸೈಕಲ್ಲೂ ನಿಂತಿತು. ಅಂದಿನಿಂದ ದಿನಾ ಅದೇ ವ್ಯವಸ್ಥೆ.

ನಡುವೆ ನಿಲ್ಲುವಂತಿಲ್ಲವಾದ್ದರಿಂದ ಭಾಗಣ್ಣನ ದಾರಿ ಉದ್ದವಾಗುತ್ತ ಹೋಯಿತು. ಆದರೆ ಅಷ್ಟಕ್ಕೇ ಅವನು ದೂರ ಹೋಗುತ್ತಿದ್ದ ಎನ್ನುವುದೂ ಸುಳ್ಳು. ನಸುಕಿನಲ್ಲಿ ಜೋಳದ ಹೊಲಗಳ ನಡುವೆ ತಂಪು ಗಾಳಿ ಮುಖಕ್ಕೆ ಬಡಿಯುವಾಗ, ಮೈಲುಗಲ್ಲುಗಳು ಒಂದೊಂದಾಗಿ ಹಿಂದೆ ಸರಿಯುವಾಗ, ಗಾದಿಯ ಮೇಲೆ ಎಂದೂ ಸಿಗದ ಹಿಗ್ಗು ಸಿಗುತ್ತಿತ್ತು. ಒಂದೊಂದು ದಿನ ಜೋರಾಗಿ ಹಾಡುತ್ತಿದ್ದ. ಆರು ತಿಂಗಳಲ್ಲಿ ಚಪ್ಪಲಿ ಕಾಣತೊಡಗಿದವು.

ಅದೇ ವರ್ಷ ಶಹಾಪುರಕ್ಕೆ ಆಟದ ಹುಚ್ಚಿನ ಹೊಸ ತಹಸೀಲ್ದಾರರು ಬಂದರು. ಸೈಕಲ್ ಪಂದ್ಯ ಇದೆಯೆಂದು ಡಂಗುರ ಹೊಡೆಸಿದರು. ಶಹಾಪುರ ಕಚೇರಿಯಿಂದ ಸುರಪುರ ಕಚೇರಿಗೆ ಹೋಗಿ ತಿರುಗಿ ಬರಬೇಕು, ಮೂವತ್ತು ಮೈಲಿಗಿಂತ ಮೇಲೆ. ಸುರಪುರದಲ್ಲಿ ಮೈಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಬಂದು ಮುಟ್ಟಿದ ಮೇಲೆ ಸೈಕಲ್ ಇಳಿದು ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಮೊದಲು ಸಹಿ ಮಾಡಿದವನೇ ಗೆದ್ದಂತೆ.

ಭಾಗಣ್ಣ ಹೆಸರು ಬರೆಸಿ ಬಂದ. ಪಾರ್ವತಿಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಏನ್ರೀ, ಇಳಿಯಾಕ ಬರ್ತದೇನು ನಿಮಗ?"

"ಪಂದ್ಯ ಓಡಿಸೋದಕ್ಕದ, ಇಳಿಯೋದಕ್ಕಲ್ಲ."

"ಸಹಿ ಮಾಡ್ಬೇಕಂತಲ್ರೀ?"

"ಆಗಿನದು ಆಗ ನೋಡಿದ್ರಾತು."

ಪಂದ್ಯದ ದಿನ ಹನ್ನೊಂದು ಮಂದಿ ಸೇರಿದರು. ಯಾದಗಿರಿಯಿಂದ ಶರೀಫಸಾಬ ಬಂದಿದ್ದ. ಅವನೇ ಗೆಲ್ಲುವವನೆಂದು ಎಲ್ಲರಿಗೂ ಗೊತ್ತಿತ್ತು. ಇಬ್ಬರು ಪೊಲೀಸರು ಭಾಗಣ್ಣನನ್ನು ಎತ್ತಿ ಸೈಕಲ್ ಮೇಲೆ ಕೂಡಿಸಿದರು. ಜನ ಬಿದ್ದು ಬಿದ್ದು ನಕ್ಕರು.

ಹತ್ತಿಗುಡೂರ ಬರುವಷ್ಟರಲ್ಲಿ ಬಿಸಿಲು ಚುರುಗುಟ್ಟತೊಡಗಿತು. ಶರೀಫಸಾಬನೊಬ್ಬನನ್ನು ಬಿಟ್ಟು ಹುಡುಗರೆಲ್ಲ ನೀರಿಗೆಂದು ಬಾವಿಯ ಹತ್ತಿರ ಇಳಿದರು, ಮಾತಿಗೆ ಕೂತರು. ಭಾಗಣ್ಣ ಒಣಗಿದ ನಾಲಗೆ ಹೊರಳಿಸುತ್ತ, ಬಾವಿಯ ಕಡೆ ಆಸೆಯಿಂದ ನೋಡುತ್ತ, ಮುಂದೆ ಹೋದ. ಈಗ ಅವನ ಮುಂದೆ ಇದ್ದವನು ಶರೀಫಸಾಬ ಒಬ್ಬನೇ.

ಸುರಪುರ ಕಚೇರಿಯ ಅಂಗಳದ ಬೇವಿನ ಮರದ ಕೆಳಗೆ ಗುಮಾಸ್ತ ರಂಗಣ್ಣ ಮೊಹರು ಹಿಡಿದು ಕೂತಿದ್ದ.

"ಇಳೀರಿ ಸಾವಕಾರ್ರೆ!"

"ಇಳಿಯಾಕ ಬರಂಗಿಲ್ಲೋ ಮಾರಾಯ! ನೀನೇ ಬಾ!"

ಭಾಗಣ್ಣ ಮರದ ಸುತ್ತ ತಿರುಗಿದ. ರಂಗಣ್ಣ ಮೊಹರು ಎತ್ತಿಕೊಂಡು ಬೆನ್ನು ಹತ್ತಿದ. ಮೊದಲ ಏಟು ರುಮಾಲಿಗೆ ಬಿತ್ತು. "ಇದು ನಡ್ಯಂಗಿಲ್ರೀ, ಮೈಮ್ಯಾಲೇ ಬೀಳ್ಬೇಕು!" ಎಂದು ಏದುಸಿರು ಬಿಡುತ್ತ ಕೂಗಿದ. ಕಚೇರಿಗೆ ಕೆಲಸಕ್ಕೆ ಬಂದವರು ಕಾಗದ ಪತ್ರ ಬಿಟ್ಟು ಹೊರಗೆ ಬಂದರು. ನಾಲ್ಕನೆಯ ಸುತ್ತಿಗೆ ರಂಗಣ್ಣ ಓಡುವುದನ್ನು ಬಿಟ್ಟು, ಮರಕ್ಕೆ ಒರಗಿ ಹೊಂಚು ಹಾಕಿ, ಹಾದುಹೋಗುವವನ ಕುತ್ತಿಗೆಯ ಹಿಂದೆ ಫಟ್ಟನೆ ಹೊಡೆದ. ಸರ್ಕಾರದ ಮೊಹರು ಅಚ್ಚುಕಟ್ಟಾಗಿ ಮೂಡಿತು.

ತಿರುಗಿ ಬರುವಾಗ ದಾರಿಯ ಪಕ್ಕ ಶರೀಫಸಾಬ ಚಕ್ರ ಬಿಚ್ಚಿಕೊಂಡು ಕೂತಿದ್ದ. ಪಂಚರಿಗೆ ತೇಪೆ ಹಚ್ಚಿದ್ದ, ಆದರೆ ಅವನ ಪಂಪು ಕೈಕೊಟ್ಟಿತ್ತು.

"ಸಾವಕಾರ್ರೆ, ನಿಮ್ಮ ಪಂಪು ಕೊಡ್ರಿ! ಒಂದು ಮಿನಿಟು ನಿಂದ್ರಿ!"

ಕಲಿಸಿದ ಗುರು ಕೈಚಾಚಿ ಬೇಡುತ್ತಿದ್ದಾನೆ, ನಿಲ್ಲಲು ಬರುವುದಿಲ್ಲ. ಭಾಗಣ್ಣ ಓಡುತ್ತಿರುವ ಸೈಕಲ್ಲಿನ ಮೇಲೆಯೇ ಬಗ್ಗಿ, ಚೌಕಟ್ಟಿಗೆ ಸಿಗಿಸಿದ್ದ ಪಂಪು ಕಿತ್ತು ಹಿಂದಕ್ಕೆ ಎಸೆದ. "ತಪ್ಪು ತಿಳೀಬ್ಯಾಡೋ ಶರೀಫಾ!" ಎಂದು ಕೂಗಿದ. ಗೆಲ್ಲುವ ಪಂದ್ಯವನ್ನು ಎಸೆದೆ ಎಂಬುದು ಅವನಿಗೆ ಹೊಳೆದದ್ದು ಅರ್ಧ ಮೈಲು ಮುಂದೆ ಹೋದ ಮೇಲೆ.

ಶಹಾಪುರ ಕಚೇರಿಯ ಗೆರೆಯನ್ನು ಮೊದಲು ದಾಟಿದವನು ಭಾಗಣ್ಣನೇ. ದಾಟಿದ, ರಿಜಿಸ್ಟರಿನ ಮೇಜನ್ನೂ ದಾಟಿದ, ತಹಸೀಲ್ದಾರರ ಕುರ್ಚಿಯನ್ನೂ ದಾಟಿದ. ಅವರು ಎದ್ದು ನಿಂತು "ರೋಕೋ ಉಸಕೋ!" ಎಂದು ಕೂಗಿದರು. ಅವನನ್ನು ತಡೆಯಲು ಪೊಲೀಸರು ಓಡಿದರು. ಭಾಗಣ್ಣ ಕಚೇರಿಗೆ ಒಂದು ಸುತ್ತು ಹಾಕಿ ಬಂದ. ಎರಡನೆಯ ಸುತ್ತಿಗೆ ಶರೀಫಸಾಬನೂ ಬಂದು ಮುಟ್ಟಿದ. ಆಗ ಹೆಂಗಸರ ಗುಂಪಿನಿಂದ ಪಾರ್ವತಿಬಾಯಿ ಎದ್ದಳು. ಅಧಿಕಾರಿಗಳ ಮುಂದೆಯೇ ಸೆರಗು ಸಿಗಿಸಿ ಅಡ್ಡ ನಿಂತು ಹ್ಯಾಂಡಲ್ ಹಿಡಿದಳು.

"ಬಿಡಬ್ಯಾಡ, ಬಿಡಬ್ಯಾಡ!" ಎಂದ ಭಾಗಣ್ಣ.

"ಲಗ್ನಾಗಿ ಇಪ್ಪತ್ತು ವರ್ಷ ಆತು, ಬಿಟ್ಟೀನೇನ್ರೀ?" ಎಂದಳು.

ಅಷ್ಟರಲ್ಲಿ ಶರೀಫಸಾಬನ ಸಹಿಯ ಮಸಿ ಒಣಗಿತ್ತು. "ಹುಜೂರ್, ಮೊದಲು ಬಂದವರು ಸಾವಕಾರ್ರು. ನನ್ನ ಚಕ್ರದಾಗಿನ ಗಾಳಿನೂ ಅವರ ಪಂಪಿಂದೇ" ಎಂದು ಅವನೇ ಹೇಳಿದ. ತಹಸೀಲ್ದಾರರು ಭಾಗಣ್ಣನ ಕುತ್ತಿಗೆ ಬಗ್ಗಿಸಿ ಮೊಹರು ಓದಿದರು, ಸರಿಯಾಗಿದೆ ಎಂದರು. ಆದರೆ ಕಾನೂನು ಕಾನೂನೇ. ಮೊದಲ ಬಹುಮಾನದ ಗಡಿಯಾರ ಶರೀಫನಿಗೆ, ಎರಡನೆಯದಾದ ಕಂದೀಲು ಭಾಗಣ್ಣನಿಗೆ.

ಮರುದಿನ ಶರೀಫಸಾಬ ಗಡಿಯಾರ ಹಿಡಿದುಕೊಂಡು ಅಂಗಡಿಗೆ ಬಂದ. "ಇದು ನನಗ ದಕ್ಕಂಗಿಲ್ರೀ, ಸಾವಕಾರ್ರೆ."

"ಗಡಿಯಾರ ಒಯ್ಯಿ. ನನಗ ಇಳಿಯೋದು ಕಲಿಸು."

ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಭಾಗಣ್ಣ ಒಬ್ಬನೇ ಹೊರಟು, ಸುರಪುರದ ದಾರಿಯಲ್ಲಿ, ಯಾರೂ ಇಲ್ಲದ ಕಡೆ, ಮೆಲ್ಲಗೆ ಬ್ರೇಕ್ ಹಿಡಿದು, ಒಂದು ಕಾಲು ನೆಲಕ್ಕೆ ಕೊಟ್ಟು ನಿಂತ. ಸುತ್ತ ಎಷ್ಟು ನಿಶ್ಶಬ್ದ ಎನಿಸಿತು. ನೂರು ಸಲ ಹಾದುಹೋದ ಹೊಲದಲ್ಲಿ ಜೋಳದ ಸಾಲಿನ ನಡುವೆ ಅಗಸಿ ಬೆಳೆ ಹೂಬಿಟ್ಟು ನೀಲಿಯಾಗಿತ್ತು. ಅದನ್ನು ಅವನು ಮೊದಲ ಸಲ ನೋಡಿದ. ಬಹಳ ಹೊತ್ತು ನೋಡಿದ.

ಆಮೇಲೆ ಅವನು ಎಲ್ಲ ಕಡೆ ನಿಲ್ಲತೊಡಗಿದ. ಊರೂರಿನ ಕಟ್ಟೆಯಲ್ಲಿ ಚಾ, ಮಾತು, ಮಳೆ ಬೆಳೆಯ ವಿಚಾರ. ಮರುವರ್ಷದ ಪಂದ್ಯದಲ್ಲಿ ಎಲ್ಲರೂ ಮುಟ್ಟಿ, ಬಹುಮಾನ ಹಂಚಿ, ಶಾಮಿಯಾನ ಬಿಚ್ಚಿದರೂ ಭಾಗಣ್ಣನ ಪತ್ತೆಯಿಲ್ಲ. ಗಾಬರಿಯಾದ ಪಾರ್ವತಿಬಾಯಿ ಬಂಡಿ ಹೂಡಿಸುವಷ್ಟರಲ್ಲಿ ಸಾವಕಾರ ಆರಾಮಾಗಿ ತುಳಿಯುತ್ತ ಬಂದ.

"ಎಲ್ಲಿ ಬಿದ್ದಿದ್ರೀ?"

"ಬಿದ್ದಿಲ್ಲ. ಹತ್ತಿಗುಡೂರಾಗ ಕೂತಿದ್ದೆ. ನಿನ್ನ ತಮ್ಮಗೊಂದು ಹುಡುಗಿ ನೋಡೀನಿ. ಮನೆತನ ಚಲೋ ಅದ."

ಮುಂದಿನ ಸುಗ್ಗಿಯಲ್ಲಿ ಆ ಮದುವೆ ಆಯಿತು.