ಸಿಲ್ಕಿನಲ್ಲಿ ಉಳಿದ ಪಿನ್ನಿನ ತೂತು

ಮೊಮ್ಮಗಳು ಮೇಧಾ ಮೊನ್ನೆ ನನ್ನ ನವಿಲುಬಣ್ಣದ ಮೈಸೂರು ಸಿಲ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅಜ್ಜಿ, ಹಿಯರ್ ಇಸ್ಟ್ ಐನ್ ಲೋಖ್!" ಎಂದು ಕೂಗಿದಳು. ಜರ್ಮನ್ ಭಾಷೆಯಲ್ಲಿ, ತೂತಂತೆ. ಇಲ್ಲೇ ಮ್ಯೂನಿಕ್ ಪಕ್ಕದ ಗಾರ್ಕಿಂಗ್‌ನಲ್ಲಿ ಅವಳ ಡಾಕ್ಟರೇಟಿನ ಭಾಷಣಕ್ಕೆ ಈ ಸೀರೆಯೇ ಬೇಕು, ನಾನೂ ಬರಬೇಕು. ಮಂಡಿನೋವಿನ ನೆಪ ಹೇಳಿ ತಪ್ಪಿಸಿಕೊಳ್ಳುವ ಎಣಿಕೆಯಲ್ಲಿದ್ದ ನಾನು ಆ ತೂತು ನೋಡಿ ನೆಪ ಬಿಟ್ಟು ಅದರ ಕಥೆ ಶುರುಮಾಡಿದೆ.

೧೯೭೨ರ ಒಲಿಂಪಿಕ್ಸ್‌ಗೆಂದು ಮ್ಯೂನಿಕ್ ಊರನ್ನೆಲ್ಲ ಅಗೆದು ಗುಡ್ಡೆ ಹಾಕಿದ್ದ ಕಾಲ ಅದು. ನಮ್ಮವರು ಗಾರ್ಕಿಂಗ್‌ನ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ನಾನೂ ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಿದವಳೇ. ಇಲ್ಲಿಗೆ ಬಂದಮೇಲೆ ನನ್ನ ವಿಜ್ಞಾನವೆಲ್ಲ ಈ ಚಳಿಯಲ್ಲಿ ಮೊಸರು ಹೆಪ್ಪಾಗುವುದೇ ಎಂಬ ಪ್ರಯೋಗಕ್ಕೆ ಮೀಸಲಾಗಿತ್ತು. ಮನೆವಾರ್ತೆಗೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ದುಡಿಯಬಹುದು ಎನ್ನುತ್ತಿತ್ತು ಆಗಿನ ಇಲ್ಲಿನ ಕಾನೂನು. ಕಾನೂನಿಗಿಂತ ನನ್ನ ಸಂಕೋಚವೇ ದೊಡ್ಡದಾಗಿತ್ತು ಅನ್ನಿ. ಆದರೆ ಮತ್ತೆ ಕೆಲಸ ಮಾಡುವ ಆಸೆ ಒಳಗೊಳಗೇ ಕುದಿಯುತ್ತಿತ್ತು.

ಆಗ ನಮ್ಮ ಮೇಲಿನ ಮನೆಗೆ ಅಮೆರಿಕದಿಂದ ಹೆಲೆನ್ ಬಂದಳು. ಗಂಡ ಹೆಂಡತಿ ಇಬ್ಬರೂ ಭೌತವಿಜ್ಞಾನಿಗಳು. ಅವರ ವಿಶ್ವವಿದ್ಯಾಲಯದಲ್ಲಿ ಒಂದೇ ಸಂಸಾರದ ಇಬ್ಬರಿಗೆ ನೌಕರಿ ಕೊಡಬಾರದೆಂಬ ನಿಯಮವಿತ್ತಂತೆ. ನೌಕರಿ ಯಾರಿಗೆ ಸಿಕ್ಕಿತೆಂದು ಬೇರೆ ಹೇಳಬೇಕೆ? ಇವಳು ವರ್ಷಗಟ್ಟಲೆ ಗಂಡನ ಲ್ಯಾಬಿನಲ್ಲಿ ಸಂಬಳವಿಲ್ಲದೆ ದುಡಿದಿದ್ದಳು. "ಹೆಂಗಸರೆಲ್ಲ ಸೇರಿ ಗಲಾಟೆ ಮಾಡಿದ ಮೇಲೆ ಆ ರೂಲ್ ತೆಗೆದ್ರು. ಈ ಸಲ ವಾಪಸ್ ಹೋದ್ರೆ ಬಾಗಿಲ ಮೇಲೆ ನನ್ನ ಹೆಸರಿರುತ್ತೆ," ಎಂದಳು, ನಾನು ಕೊಟ್ಟ ಕೋಡುಬಳೆಯನ್ನು ಉಂಗುರದ ಹಾಗೆ ಬೆರಳಿಗೆ ಹಾಕಿಕೊಂಡು. ಅಮೆರಿಕದ ಹೆಂಗಸರಿಗೆ ಎಲ್ಲವೂ ಹುಟ್ಟುತ್ತಲೇ ಸಿಕ್ಕಿರುತ್ತದೆ ಎಂದುಕೊಂಡಿದ್ದವಳು ನಾನು.

ಆ ವಸಂತದಲ್ಲಿ ಸಂಸ್ಥೆಯಲ್ಲೊಂದು ದೊಡ್ಡ ಸಮ್ಮೇಳನ. ಗಂಡಸರಿಗೆ ಉಪನ್ಯಾಸ. ಹೆಂಡತಿಯರಿಗೆ 'ಡಾಮೆನ್‌ಪ್ರೋಗ್ರಾಮ್', ಅಂದರೆ ಬಸ್ಸಿನಲ್ಲಿ ಹೋಗಿ ಅರಮನೆ ನೋಡಿ ಕೇಕ್ ತಿಂದು ಬರುವುದು. ಮೈಸೂರಿನವಳಿಗೆ ಅರಮನೆ ತೋರಿಸುತ್ತಾರಂತೆ! ಆದರೂ ಮದುವೆಗೆ ಹೊರಟವಳಂತೆ ಸಿಲ್ಕು ಉಟ್ಟು, ಗಂಡನ ಹೆಸರಿದ್ದ ಬ್ಯಾಡ್ಜನ್ನು ಸೆರಗಿಗೆ ಚುಚ್ಚಿಕೊಂಡು ಬಸ್ಸಿನ ಮುಂದೆ ನಿಂತೆ. ಹೆಂಡತಿಯರ ಗುರುತಿಗೆಂದು ಬ್ಯಾಡ್ಜಿಗೊಂದು ಹಳದಿ ರಿಬ್ಬನ್ನು ಬೇರೆ. ಹೆಲೆನ್ ತನ್ನ ರಿಬ್ಬನ್ನು ಕಿತ್ತು ಜೇಬಿಗೆ ಹಾಕಿ, "ನಾನು ಉಪನ್ಯಾಸಕ್ಕೆ ಹೋಗ್ತೀನಿ. ನೀನು?" ಎಂದಳು. ಅವಳ ಹಿಂದೆಯೇ ಹೋದೆ.

ಕೊನೆಯ ಸಾಲಿನಲ್ಲಿ ಕೂತೆವು. ನಾನು ಎಂ.ಎಸ್ಸಿ.ಯಲ್ಲಿ ಓದಿದ್ದ ವರ್ಣಪಟಲದ ವಿಷಯವೇ ಬಂತು, ಅದರ ಹಿಂದೆ ನನಗೊಂದು ಸಂದೇಹವೂ ಬಂತು. ನೋಡಿ, ಎಡವಟ್ಟಾದದ್ದು ಅಲ್ಲೇ. ಇಲ್ಲಿನವರು ಕೂತಲ್ಲೇ ಕೈಯೆತ್ತಿ ಪ್ರಶ್ನೆ ಕೇಳುತ್ತಾರೆ. ನಮ್ಮ ಕಾಲೇಜಿನಲ್ಲಿ ಎದ್ದು ನಿಂತು ಕೇಳುವುದೇ ಮರ್ಯಾದೆ. ಎದ್ದೇಬಿಟ್ಟೆ. ಅಷ್ಟೊಂದು ಕಂದು ಕೋಟುಗಳ ನಡುವೆ ಒಂದು ನವಿಲುಬಣ್ಣದ ಸೀರೆ! ಇಡೀ ಸಭೆ ತಿರುಗಿ ನೋಡಿತು. ಎದ್ದು ನಿಂತಿದ್ದಾಳೆಂದರೆ ಏನೋ ಮುಖ್ಯವಾದದ್ದೇ ಇರಬೇಕು ಅಂದುಕೊಂಡರೋ ಏನೋ, ಅಧ್ಯಕ್ಷರು ಎತ್ತಿದ ಕೈಗಳನ್ನೆಲ್ಲ ಬಿಟ್ಟು ನನಗೇ ಮೊದಲು ಅವಕಾಶ ಕೊಟ್ಟರು. "ಸರ್" ಎಂದು ಶುರುಮಾಡಿದೆ. ಉತ್ತರ ಹೇಳಲು ಭಾಷಣಕಾರರು ಮತ್ತೆ ಬೋರ್ಡಿನ ಹತ್ತಿರ ಹೋಗಬೇಕಾಯಿತು. ಅಧ್ಯಕ್ಷರು ಹೆಸರು ಕೇಳಿದಾಗ ಬ್ಯಾಡ್ಜಿನಲ್ಲಿದ್ದದ್ದನ್ನು ಬಿಟ್ಟು ನನ್ನ ಹೆಸರು ಹೇಳಿದೆ.

ಕಾಫಿಯ ಹೊತ್ತಿಗೆ ನಮ್ಮವರು ಓಡಿಬಂದರು. "ಏನೇ ಇದು, ಬಸ್ಸು ತಪ್ಪಿಹೋಯ್ತಾ?"

"ತಪ್ಪಿಹೋಗ್ಲಿಲ್ಲರೀ, ನಾನೇ ಬಿಟ್ಟೆ."

ಅವರು ಕನ್ನಡಕ ಒರೆಸಿಕೊಂಡು, "ನಂಗೂ ಅದೇ ಡೌಟ್ ಇತ್ತು ಕಣೇ. ಕೇಳೋಕೆ ಧೈರ್ಯ ಬರ್ಲಿಲ್ಲ" ಎಂದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ಸಂಭ್ರಮದಲ್ಲೇ ಬ್ಯಾಡ್ಜನ್ನು ಎಳೆದು ತೆಗೆದೆ, ಸೀರೆಗೆ ತೂತಾಯಿತು.

ಚಳಿಗಾಲದ ಹೊತ್ತಿಗೆ ಆ ಅಧ್ಯಕ್ಷರ ವಿಭಾಗದಲ್ಲೇ ನನಗೆ ಅರ್ಧ ದಿನದ ಕೆಲಸ ಸಿಕ್ಕಿತು. ನಮ್ಮವರು ತಕರಾರು ಮಾಡಲಿಲ್ಲ, ಸಾರು ಮಾಡುವುದನ್ನು ಕಲಿತರು. ಹೆಲೆನ್ ಊರಿಗೆ ಹೋಗಿ ಒಂದು ಫೋಟೋ ಕಳಿಸಿದಳು. ಅದರಲ್ಲಿ ಅವಳಿರಲಿಲ್ಲ. ಮುಚ್ಚಿದ ಬಾಗಿಲು, ಅದರ ಮೇಲೆ ಅವಳ ಹೆಸರು, ಅಷ್ಟೇ.

ಇಷ್ಟನ್ನೂ ಕೇಳಿದ ಮೇಧಾ, "ತೂತು ಹೊಲಿಯೋದು ಬೇಡ ಅಜ್ಜಿ, ಮೈಕ್ ಅಲ್ಲೇ ಸಿಗಿಸ್ಕೋತೀನಿ" ಎಂದಳು. ಮರುಕ್ಷಣವೇ ಗಾಬರಿಯಾಗಿ, "ಆದ್ರೆ ಪ್ಲೀಸ್, ನೀನು ನನ್ನ ಟಾಕ್‌ನಲ್ಲಿ ಎದ್ದು ನಿಲ್ಬೇಡ!" ಎಂದಳು.

ಆಗಲಿ ಎಂದೆ. ನಿಮಗೆ ಮಾತ್ರ ಹೇಳುತ್ತೇನೆ, ಅವಳ ಪ್ರಬಂಧ ಓದುವಾಗ ನನಗೊಂದು ಸಂದೇಹ ಹುಟ್ಟಿದೆ. ಕೋಲು ತೆಗೆದುಕೊಂಡು ಹೋಗುತ್ತೇನೆ, ಏಳುವುದಕ್ಕೆ ಬೇಕಾಗುತ್ತದೆ.